ಸೀಟಿಗಿಂತ ಮೊದಲು ಶಿಬಿರ: ಫೀಸು ಕಟ್ಟುವ ಮುಂಚಿನ ಲೆಕ್ಕ

ದ್ವಿತೀಯ ಪಿಯುಸಿಯ ಕೊನೆಯ ಪೇಪರು ಬರೆದು ಹೊರಬರುವಾಗ ಕಾಲೇಜು ಗೇಟಿನ ಹತ್ತಿರವೇ ಮೊದಲ ಕರಪತ್ರ ಕೈಗೆ ಬರುತ್ತದೆ. 'ಎಂಜಿನಿಯರಿಂಗ್ ಫೌಂಡೇಶನ್, 30 ದಿನ, ಹಾಸ್ಟೆಲ್ ಸಹಿತ. ಪೈಥಾನ್, ರೋಬೋಟಿಕ್ಸ್, ಎಐ.' ವಾರದೊಳಗೆ ಅಪ್ಪನ ಮೊಬೈಲಿಗೆ ಫೋನು ಬರುತ್ತದೆ. ನಮ್ಮ ಕೊಡಗಿನಲ್ಲಿ ಮಡಿಕೇರಿಯಾಗಲಿ ಗೋಣಿಕೊಪ್ಪವಾಗಲಿ, ಫೋನು ಬರುವ ಹೊತ್ತು ಮಾತ್ರ ಲೆಕ್ಕ ಹಾಕಿದ ಹಾಗೆ ಇರುತ್ತದೆ. ಕಾಫಿ ಕುಯ್ಲು ಮುಗಿದು, ಕರಿಮೆಣಸು ಕಣದಲ್ಲಿ ಒಣಗಿ ಮಾರಾಟವಾಗಿ, ಮನೆಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳು ಅವು. 'ಈ ತಿಂಗಳೊಳಗೆ ಕಟ್ಟಿದರೆ ಐದು ಸಾವಿರ ರಿಯಾಯಿತಿ' ಎಂಬ ಮಾತೂ ಜತೆಗೇ ಬರುತ್ತದೆ.

ಆ ರಿಯಾಯಿತಿಯ ಗಡುವಿನೊಳಗೆ ಮನೆಯಲ್ಲಿ ಕೂತು ಮಾಡಬೇಕಾದ ಲೆಕ್ಕ ಇದು. ಪ್ರತಿ ಬೇಸಿಗೆಯಲ್ಲೂ ಮಕ್ಕಳ ಜತೆ, ಅವರ ಅಪ್ಪ ಅಮ್ಮನ ಜತೆ ಕೂತು ಹಾಕಿ ಹಾಕಿ ಇದಕ್ಕೊಂದು ಕ್ರಮ ಬಂದಿದೆ. ಶಿಬಿರ ಒಳ್ಳೆಯದೋ ಕೆಟ್ಟದೋ ಎಂದು ಶುರು ಮಾಡಿದರೆ ಮಾತು ಎಲ್ಲಿಗೂ ಮುಟ್ಟುವುದಿಲ್ಲ. ನಿಮ್ಮ ಮಗುವಿಗೆ ಏನು ಬರುವುದಿಲ್ಲ, ಅದನ್ನು ಅಲ್ಲಿ ಎಷ್ಟು ಗಂಟೆ ಕಲಿಸುತ್ತಾರೆ ಎಂದು ಕೇಳಿ. ಉತ್ತರ ಅರ್ಧ ಅಲ್ಲೇ ಸಿಗುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. 'ಬ್ರಿಜ್ ಕೋರ್ಸ್' ಎಂದು ಎಲ್ಲರೂ ಕರೆಯುವುದು ಬೇರೆ ಬೇರೆ ಸಂಗತಿಗಳನ್ನು. ಸೀಟು ಸಿಕ್ಕ ಮೇಲೆ ಕಾಲೇಜೇ ತನ್ನ ಮಕ್ಕಳಿಗೆ ನಡೆಸುವುದು ಒಂದು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಪ್ರಕಾರ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಬರುವವರಿಗೆ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮ ಹೇಗೂ ಇದೆ. ಅದಕ್ಕೆ ಬೇರೆಯವರಿಗೆ ದುಡ್ಡು ಕೊಡಬೇಕಾಗಿಲ್ಲ. ಬೆಂಗಳೂರು, ಮೈಸೂರು, ಮಂಗಳೂರಿನ ಖಾಸಗಿ ತರಬೇತಿ ಕೇಂದ್ರಗಳು ಫೀಸು ತೆಗೆದುಕೊಂಡು ನಡೆಸುವ ಶಿಬಿರ ಇನ್ನೊಂದು. ದೊಡ್ಡ ಸಂಸ್ಥೆಗಳು ಆಯ್ಕೆ ಮಾಡಿಕೊಂಡು ನಡೆಸುವ, ಕೆಲವೇ ಸೀಟಿನ ಬೇಸಿಗೆ ಶಾಲೆ ಮತ್ತೊಂದು. ಮೊದಲನೆಯದಕ್ಕೆ ಯೋಚನೆ ಬೇಡ, ಹೋಗಿ. ಮೂರನೆಯದಕ್ಕೆ ಆಯ್ಕೆಯಾದರೂ ಸಾಮಾನ್ಯವಾಗಿ ಹೋಗಿ ಎಂದೇ ಹೇಳುತ್ತೇವೆ. ತಲೆ ಕೆಡಿಸುವುದು ನಡುವಿನದು.

ಈಗ ಕ್ಯಾಲೆಂಡರ್ ಬಿಡಿಸಿ. 2025ರಲ್ಲಿ ಪಿಯುಸಿ ಪರೀಕ್ಷೆ-1 ಮಾರ್ಚ್‌ನಲ್ಲಿ ಮುಗಿಯಿತು, ಫಲಿತಾಂಶ ಏಪ್ರಿಲ್ 8ಕ್ಕೆ ಬಂತು, ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ ನಡೆಯಿತು, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಮೇ 10ಕ್ಕೆ, ಸಿಇಟಿ ಫಲಿತಾಂಶ ಮೇ 24ಕ್ಕೆ. ದಿನಾಂಕ ವರ್ಷದಿಂದ ವರ್ಷಕ್ಕೆ ಸರಿದರೂ ಸಾಲು ಹೆಚ್ಚುಕಡಿಮೆ ಹೀಗೇ. ಇದರಲ್ಲಿ ನಿಜವಾಗಿ ಖಾಲಿ ಇರುವುದು ಕೊನೆಯ ಪ್ರವೇಶ ಪರೀಕ್ಷೆ ಮುಗಿದ ದಿನದಿಂದ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಬ್ರಾಂಚ್‌ಗಳನ್ನು ಸಾಲಾಗಿ ತುಂಬುವ ಕೆಲಸ, ಶುರುವಾಗುವ ತನಕದ ದಿನಗಳು ಮಾತ್ರ. ಬರೀ ಸಿಇಟಿ ಬರೆಯುವವರಿಗೆ ಅದು ಏಪ್ರಿಲ್ ಮೂರನೇ ವಾರದಿಂದ, ಕಾಮೆಡ್-ಕೆಯೂ ಬರೆಯುವವರಿಗೆ ಮೇ ಎರಡನೇ ವಾರದಿಂದ. ಏಪ್ರಿಲ್ 20ಕ್ಕೆ ಶುರುವಾಗುವ ಶಿಬಿರಕ್ಕೆ ಕಾಮೆಡ್-ಕೆ ಅರ್ಜಿ ಹಾಕಿದವರು ಸೇರಿದರೆ ಎರಡೂ ಕೆಡುತ್ತವೆ. ಅಂಕ ಕಡಿಮೆಯೆಂದು ಪಿಯುಸಿ ಪರೀಕ್ಷೆ-2 ಬರೆಯುವವರಂತೂ ಈ ಕಡೆ ತಿರುಗಿಯೂ ನೋಡಬೇಡಿ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದ್ದು, ಅರ್ಧ ಸಿಇಟಿಯದ್ದು.

ಜೂನ್-ಜುಲೈ ಶಿಬಿರಗಳಲ್ಲಿ ಆಗುವ ಎಡವಟ್ಟು ಬೇರೆ. ಆಗ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಅಣಕು ಸೀಟು ಹಂಚಿಕೆ, ಮೊದಲ ಸುತ್ತು ಒಂದರ ಹಿಂದೆ ಒಂದು ಬರುತ್ತವೆ. ಎಷ್ಟೋ ವಸತಿ ಶಿಬಿರಗಳಲ್ಲಿ ಮಕ್ಕಳ ಮೊಬೈಲು ಮೊದಲ ದಿನವೇ ವಾರ್ಡನ್ ಬೀರುವಿಗೆ ಹೋಗುತ್ತದೆ. ಪ್ರಾಧಿಕಾರದಲ್ಲಿ ನೋಂದಾಯಿಸಿದ ನಂಬರು ಅದೇ ಮೊಬೈಲಿನದ್ದಾಗಿದ್ದರೆ ಒಟಿಪಿ ಬೀರುವಿನೊಳಗೆ ಬರುತ್ತದೆ, ಅಪ್ಪ ಸಿದ್ದಾಪುರದ ಸೈಬರ್ ಸೆಂಟರಿನಲ್ಲಿ ಕೂತು ಪರದೆ ನೋಡುತ್ತಿರುತ್ತಾರೆ. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು: ಒಪ್ಪಿ ಸೇರುವುದು, ಒಪ್ಪಿಕೊಂಡು ಮುಂದಿನ ಸುತ್ತಿಗೂ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಇದನ್ನು ಮಗುವಿನ ಜತೆ ಮಾತಾಡದೆ ಒತ್ತುವ ಹಾಗಿಲ್ಲ, ಗಡುವೋ ಒಂದೆರಡು ದಿನದ್ದು. ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ 15 ಶೇಕಡಾ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದವರಿಗೆ 5 ಶೇಕಡಾ ಇದೆ. ಅದರ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬಾಕಿಯಿದ್ದರೆ ಆ ಓಡಾಟವೂ ಇದೇ ದಿನಗಳಲ್ಲಿ. ಆಪ್ಷನ್ ಪಟ್ಟಿಯಲ್ಲಿ ಎರಡು ಕಾಲೇಜು ಹಿಂದೆಮುಂದೆ ಆದರೆ ನಾಲ್ಕು ವರ್ಷದ ಫೀಸೇ ಬದಲಾಗುತ್ತದೆ. ಯಾವ ಶಿಬಿರವೂ ಅದನ್ನು ತುಂಬಿಕೊಡುವುದಿಲ್ಲ.

ಮಗುವಿಗೆ ಎಂಜಿನಿಯರಿಂಗೋ, ಪೊನ್ನಂಪೇಟೆಯ ಅರಣ್ಯ ಕಾಲೇಜೋ, ಬಿಎಸ್ಸಿ ಕೃಷಿಯೋ ಎಂದು ಇನ್ನೂ ತೂಗುತ್ತಿದ್ದರೆ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯ ದಿನವನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ತೋಟದ ಮನೆಯ ಮಕ್ಕಳು ಅದನ್ನು ಸುಮ್ಮನೆ ಬಿಟ್ಟುಕೊಡುವುದು ನಷ್ಟ.

ದಿನಗಳು ಹೊಂದಿದರೆ ಮುಂದಿನ ಹೆಜ್ಜೆ ವೇಳಾಪಟ್ಟಿ. ಫೋನ್ ಮಾಡಿದವರಿಗೆ ಹೇಳಬೇಕಾದದ್ದು ಇಷ್ಟೇ: "ಮೇಡಂ, ಕರಪತ್ರ ಬೇಡ, ದಿನದಿನದ ಟೈಮ್‌ಟೇಬಲ್ ವಾಟ್ಸಾಪ್ ಮಾಡಿ." ಕಳಿಸದಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಕಳಿಸಿದರೆ ಪೆನ್ಸಿಲ್ ಹಿಡಿದು ಕೂರಿ. 30 ದಿನದಲ್ಲಿ ಭಾನುವಾರ ಕಳೆದು 26 ದಿನ, ದಿನಕ್ಕೆ 6 ಗಂಟೆ, ಒಟ್ಟು 156 ಗಂಟೆ ಎಂದಿಟ್ಟುಕೊಳ್ಳೋಣ. ಮಾದರಿಗೆ ಒಂದು ಹಂಚಿಕೆ: ವ್ಯಕ್ತಿತ್ವ ವಿಕಸನ ಮತ್ತು ಸ್ಫೂರ್ತಿ ಭಾಷಣ 30, ಆಪ್ಟಿಟ್ಯೂಡ್ 24, ಇಂಗ್ಲಿಷ್ 26, ಕಾರ್ಖಾನೆ ಭೇಟಿ 12, ಪಿಯುಸಿ ಗಣಿತ-ಭೌತಶಾಸ್ತ್ರದ ಪುನರಾವರ್ತನೆ 28, ಕೋಡಿಂಗ್ 18, ಲ್ಯಾಬ್ 18. ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಇರುವುದು ಕೊನೆಯ ಎರಡು. ಈಗ ಕೇಳಿ: ಒಂದು ಬ್ಯಾಚಿಗೆ ಎಷ್ಟು ಮಕ್ಕಳು, ಎಷ್ಟು ರೋಬೋಟಿಕ್ಸ್ ಕಿಟ್, ಎಷ್ಟು ಕಂಪ್ಯೂಟರ್? 60 ಮಕ್ಕಳಿಗೆ 10 ಕಿಟ್ ಇದ್ದರೆ ಒಂದಕ್ಕೆ ಆರು ಜನ. ಒಬ್ಬರು ವೈರ್ ಜೋಡಿಸುತ್ತಾರೆ, ಐವರು ಬಗ್ಗಿ ನೋಡುತ್ತಾರೆ. 18 ಗಂಟೆಯ ಲ್ಯಾಬು ಒಬ್ಬರ ಕೈಗೆ 3 ಗಂಟೆಯಾಗಿ ಬರುತ್ತದೆ. 30 ಕಂಪ್ಯೂಟರ್ ಇದ್ದರೆ ಕೋಡಿಂಗ್ 9 ಗಂಟೆ. ಕೂಡಿದರೆ 12.

ದುಡ್ಡನ್ನೂ ಇದೇ ಹಾಳೆಯಲ್ಲಿ ಬರೆಯಿರಿ. ಫೀಸು 25,000 ಎಂದರೆ 25,000 ಅಲ್ಲ. ಖಾಸಗಿ ಕೋಚಿಂಗ್‌ಗೆ 18 ಶೇಕಡಾ ಜಿಎಸ್‌ಟಿ ಇದೆ, 4,500 ಸೇರಿ 29,500. ಹಾಸ್ಟೆಲು, ಊಟಕ್ಕೆ 9,000 ಎಂದರೆ 38,500. ಇದನ್ನು 12ರಿಂದ ಭಾಗಿಸಿದರೆ ಕೈಕೆಲಸದ ಒಂದು ಗಂಟೆಗೆ ಮೂರು ಸಾವಿರಕ್ಕೂ ಮೇಲೆ ಬೀಳುತ್ತದೆ. ರೈಲಿಲ್ಲದ ಜಿಲ್ಲೆ ನಮ್ಮದು, ಬಿಡಲು ಒಮ್ಮೆ, ಕರೆತರಲು ಒಮ್ಮೆ, ನಡುವೆ ಜ್ವರ ಬಂದರೆ ಇನ್ನೊಮ್ಮೆ ಬಸ್ಸು ಹತ್ತಬೇಕು. ಆ ಖರ್ಚು ಬೇರೆ. ನಿಮ್ಮ ಶಿಬಿರದ ಅಂಕಿ ಬೇರೆ ಬರಬಹುದು, ಚೆನ್ನಾಗಿಯೂ ಬರಬಹುದು. ಕಿಟ್ಟಿಗೆ ಇಬ್ಬರೇ ಇದ್ದು, ಲ್ಯಾಬ್ 60 ಗಂಟೆ ದಾಟಿದ ವೇಳಾಪಟ್ಟಿ ಬಂದರೆ ಗಂಭೀರವಾಗಿ ಯೋಚಿಸಿ.

ಅರ್ಧಕ್ಕೆ ಬಿಟ್ಟರೆ ಹಣ ವಾಪಸ್ಸು ಬರುತ್ತದೆಯೇ ಎಂಬಲ್ಲಿ ಬಹಳ ಮನೆಗಳು ಏಟು ತಿಂದಿವೆ. ಎಂಜಿನಿಯರಿಂಗ್ ಕಾಲೇಜಿನ ಸೀಟು ಗಡುವಿನೊಳಗೆ ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಉಳಿದದ್ದು ಕೊಡಬೇಕೆಂಬ ಎಐಸಿಟಿಇ ನಿಯಮ ಇದೆ. ಅದು ಶಿಬಿರಕ್ಕೂ ಅನ್ವಯ ಎಂದು ಜನ ನಂಬಿಬಿಡುತ್ತಾರೆ, ಅನ್ವಯಿಸುವುದಿಲ್ಲ. ಕೋಚಿಂಗ್ ಕೇಂದ್ರಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ನಡುವೆ ಬಿಟ್ಟವರಿಗೆ ಉಳಿದ ದಿನಗಳ ಪಾಲನ್ನು 10 ದಿನದೊಳಗೆ ಕೊಡಬೇಕೆಂದಿದೆ, ಹಾಸ್ಟೆಲ್ ಶುಲ್ಕವೂ ಸೇರಿ. ಆದರೆ ಮಾರ್ಗಸೂಚಿ ಮಾರ್ಗಸೂಚಿಯೇ, ಕಾನೂನಿನ ಬಲ ಅದಕ್ಕೆ ತಾನಾಗಿ ಬರುವುದಿಲ್ಲ. ಆದ್ದರಿಂದ ಕಟ್ಟುವ ಮುಂಚೆ ವಾಪಸಾತಿಯ ಷರತ್ತನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. "ಸರ್, ಅದೆಲ್ಲ ಅಡ್ಜಸ್ಟ್ ಮಾಡೋಣ" ಎಂದು ಬಾಯಲ್ಲಿ ಹೇಳಿದ್ದಕ್ಕೆ ರಸೀದಿ ಇರುವುದಿಲ್ಲ. ಮೂಲ ಅಂಕಪಟ್ಟಿಯನ್ನಂತೂ ಯಾರಿಗೂ ಕೊಡಬೇಡಿ. ದಾಖಲೆ ಪರಿಶೀಲನೆಗೆ ನಿಮಗೇ ಬೇಕು.

ಇಷ್ಟಾದ ಮೇಲೆ ಮಗುವಿನ ಸರದಿ. ಒಂದು ಗಂಟೆ, ಒಂದು ಖಾಲಿ ಹಾಳೆ, ಆಯ್ಕೆಗಳಿಲ್ಲದ ಐದು ಲೆಕ್ಕ: 3×3 ಮ್ಯಾಟ್ರಿಕ್ಸಿನ ಇನ್ವರ್ಸ್, ಭಾಗಗಳಾಗಿ ಮಾಡುವ ಒಂದು ಇಂಟಿಗ್ರೇಷನ್, ಸೈನ್ ವರ್ಗದ ಡೆರಿವೇಟಿವ್, ಒಂದು ಪಾರ್ಷಿಯಲ್ ಫ್ರ್ಯಾಕ್ಷನ್, ಎರಡು ವೆಕ್ಟರ್‌ಗಳ ಡಾಟ್ ಮತ್ತು ಕ್ರಾಸ್ ಗುಣಾಕಾರ. ಎರಡು ವರ್ಷ ಸಿಇಟಿಗೆ ತಯಾರಾದವರ ಕೈ 80 ನಿಮಿಷಕ್ಕೆ 60 ಪ್ರಶ್ನೆಯ ವೇಗಕ್ಕೆ ಒಗ್ಗಿರುತ್ತದೆ. ಆಯ್ಕೆ ನೋಡಿ ಉತ್ತರ ಹಿಡಿಯುತ್ತಾರೆ, ಹೆಜ್ಜೆ ಬರೆಯಲು ತಡವರಿಸುತ್ತಾರೆ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಪರೀಕ್ಷೆಯಲ್ಲಿ ಅಂಕ ಇರುವುದು ಹೆಜ್ಜೆಗೆ. ಮೊದಲ ಸೆಮಿಸ್ಟರಿನ ಗಣಿತ ಪೋಲಾರ್ ಕರ್ವ್, ಪಾರ್ಷಿಯಲ್ ಡಿಫರೆನ್ಸಿಯೇಷನ್, ಮ್ಯಾಟ್ರಿಕ್ಸ್ ರ‍್ಯಾಂಕ್ ಎಂದು ಓಡುತ್ತದೆ, ಹಳೆಯದನ್ನು ನೆನಪಿಸಲು ನಿಲ್ಲುವುದಿಲ್ಲ.

ತಪ್ಪು ಎಲ್ಲಿ ಆಯಿತೆಂದು ನೋಡಿ. ಸೂತ್ರ ಮರೆತಿದ್ದರೆ ಹತ್ತು ದಿನದ ಕೆಲಸ. ಸೂತ್ರ ಸರಿಯಿದ್ದು ಚಿಹ್ನೆ, ಛೇದ, ಆವರಣದಲ್ಲಿ ಎಡವಿದ್ದರೆ ತೂತು ಇರುವುದು ಒಂಬತ್ತು-ಹತ್ತನೇ ತರಗತಿಯ ಬೀಜಗಣಿತದಲ್ಲಿ. ಅದಕ್ಕೆ ರೋಬೋಟಿಕ್ಸ್ ಮದ್ದಲ್ಲ. ಹಳೆಯ ಪಠ್ಯಪುಸ್ತಕ, ಊರಿನಲ್ಲೇ ಇರುವ ಒಬ್ಬ ನಿವೃತ್ತ ಮೇಷ್ಟ್ರು, ದಿನಕ್ಕೊಂದು ಗಂಟೆ ಸಾಕು.

ಶಿಬಿರಕ್ಕೆ ಹೋಗದಿದ್ದರೆ ಮನೆಯಲ್ಲಿ ಏನು ಮಾಡುತ್ತಾರೆ ಎಂಬ ಪ್ರಶ್ನೆ ತಾಯಂದಿರದು, ನ್ಯಾಯವಾದದ್ದೇ. ಮೊಬೈಲ್ ನೋಡುತ್ತಾ ಮಲಗಿರುತ್ತಾರೆ ಎಂಬ ಭಯವೇ ಅರ್ಧ ಫೀಸು ಕಟ್ಟಿಸುತ್ತದೆ. ಆದರೆ ತೋಟದ ಮನೆಯಲ್ಲಿ ಇರುವಷ್ಟು ಎಂಜಿನಿಯರಿಂಗ್ ಸಾಮಾನು ಯಾವ ಹಾಸ್ಟೆಲಿನಲ್ಲೂ ಇರುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದಾಗ ಸ್ಪ್ರಿಂಕ್ಲರ್ ಓಡಿಸುವ ಪಂಪನ್ನೇ ತೆಗೆದುಕೊಳ್ಳಿ. ಮೋಟರಿನ ಮೈಮೇಲಿನ ತಗಡಿನಲ್ಲಿ 5 ಎಚ್‌ಪಿ, 3.7 ಕಿಲೋವ್ಯಾಟ್, 415 ವೋಲ್ಟ್, 50 ಹರ್ಟ್ಸ್, 1440 ಆರ್‌ಪಿಎಂ ಎಂದಿದೆ ಅನ್ನಿ. 1440 ಯಾಕೆ, 1500 ಯಾಕಲ್ಲ? ನಾಲ್ಕು ಪೋಲಿನ (ಕಾಂತಧ್ರುವದ) ಮೋಟರಿನಲ್ಲಿ ಕಾಂತಕ್ಷೇತ್ರ ತಿರುಗುವ ವೇಗ 120 × 50 ÷ 4, ಅಂದರೆ 1500. ಒಳಗೆ ತಿರುಗುವ ರೋಟರ್ ಅದಕ್ಕಿಂತ ಸ್ವಲ್ಪ ಹಿಂದೆ ಬೀಳಲೇಬೇಕು, ಬೀಳದಿದ್ದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದಿಲ್ಲ, ತಿರುಗಿಸುವ ಬಲವೂ ಇಲ್ಲ. 60 ಸುತ್ತು ಹಿಂದೆ, 4 ಶೇಕಡಾ. ಎಲೆಕ್ಟ್ರಿಕಲ್ ಪಾಠದಲ್ಲಿ ಇದನ್ನೇ ಸ್ಲಿಪ್ ಎನ್ನುತ್ತಾರೆ.

ಮುಂದೆ 200 ಲೀಟರಿನ ಡ್ರಮ್ಮನ್ನು ಪೈಪಿನ ತುದಿಗೆ ಇಟ್ಟು ತುಂಬಲು ಎಷ್ಟು ಸೆಕೆಂಡ್ ಎಂದು ಎಣಿಸಿ. 40 ಸೆಕೆಂಡ್ ಆದರೆ ಸೆಕೆಂಡಿಗೆ 5 ಲೀಟರ್, ತೂಕದಲ್ಲಿ 5 ಕಿಲೋ. ಕೆರೆಯ ನೀರಿನ ಮಟ್ಟದಿಂದ ಡ್ರಮ್ಮಿನ ಬಾಯಿಗೆ 30 ಮೀಟರ್ ಏರು ಇದ್ದರೆ 5 × 9.81 × 30, ಸುಮಾರು 1,470 ವ್ಯಾಟ್. ತಗಡು ಹೇಳಿದ್ದು 3,700. ಉಳಿದದ್ದು ಎಲ್ಲಿ ಹೋಯಿತು? ಪೈಪಿನ ಘರ್ಷಣೆ ಲೆಕ್ಕಕ್ಕೇ ಬಂದಿಲ್ಲ, ನೀರಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನಲ್ಲಿ ಎಲೆ ಸಿಕ್ಕಿರಬಹುದು, ಪಂಪಿನೊಳಗೆ ನೀರು ತಳ್ಳುವ ಚಕ್ರ ಇಂಪೆಲ್ಲರ್ ಸವೆದಿರಬಹುದು, ಮೋಟರು ಪೂರ್ತಿ ಹೊರೆ ಹೊರುತ್ತಿಲ್ಲದೆಯೂ ಇರಬಹುದು. ಫುಟ್‌ವಾಲ್ವ್ ತೊಳೆದು ಮತ್ತೆ ಅಳೆಯಿರಿ. ಇದೊಂದನ್ನು ನೋಟ್‌ಬುಕ್ಕಿನಲ್ಲಿ ನೆಟ್ಟಗೆ ಬರೆದ ಮಗು ಮೂರು ಗಂಟೆ ಕಿಟ್ಟನ್ನು ಬಗ್ಗಿ ನೋಡಿದ ಮಗುವಿಗಿಂತ ಮುಂದಿರುತ್ತದೆ, ಇದರಲ್ಲಿ ನಮಗೆ ಅನುಮಾನವಿಲ್ಲ. ಸ್ಟಾರ್ಟರ್ ಪೆಟ್ಟಿಗೆ ಮಾತ್ರ ತೆರೆಯುವಂತಿಲ್ಲ. ಮೂರು ಫೇಸು ತಮಾಷೆಯಲ್ಲ, ಎಲೆಕ್ಟ್ರಿಷಿಯನ್ ಬಂದ ದಿನ ಪಕ್ಕದಲ್ಲಿ ನಿಂತು ನೋಡಲಿ.

ಒಂದು ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಕೊಡಿಸಿ. ಎಲ್ಲರೂ ಮಾಡುವ ಮೊದಲ ತಪ್ಪು, ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು ವೋಲ್ಟೇಜ್ ಅಳೆಯಲು ಹೋಗುವುದು. ಆಗ ಮೀಟರು ಬರೀ ತಂತಿಯ ಹಾಗೆ ವರ್ತಿಸುತ್ತದೆ, ಶಾರ್ಟ್ ಆಗುತ್ತದೆ. ಟಾರ್ಚಿನ ಸೆಲ್ಲಿನಲ್ಲಿ ಕಲಿತರೆ ಕಿಡಿಯಷ್ಟೇ, ಗೋಡೆಯ ಸಾಕೆಟ್ಟಿನಲ್ಲಿ ಕಲಿತರೆ ಕೈ ಸುಡುತ್ತದೆ. ತಿಂಗಳಿಡೀ ಸೆಲ್ಲು, ಬಲ್ಬು, ರೆಸಿಸ್ಟರ್ ಸಾಕು.

ಡ್ರಾಯಿಂಗಿಗೆ ಅಡುಗೆಮನೆಯ ನೂಪುಟ್ಟು (ಶಾವಿಗೆ) ಒತ್ತುವ ಒರಳು ಒಳ್ಳೆಯ ವಸ್ತು. ಸಿಲಿಂಡರು, ಹಿಡಿ, ತೂತಿನ ಬಿಲ್ಲೆ, ಎಲ್ಲ ಅದರಲ್ಲಿದೆ. ಸ್ಕೇಲಿನಿಂದ ಅಳೆದು ಎದುರಿನ ನೋಟ, ಮೇಲಿನ ನೋಟ, ಬದಿಯ ನೋಟ ಬರೆಯಲಿ. ನಮ್ಮಲ್ಲಿ ಫಸ್ಟ್ ಆಂಗಲ್ ಪದ್ಧತಿ: ಮೇಲಿನ ನೋಟ ಎದುರಿನ ನೋಟದ ಕೆಳಗೆ ಬರುತ್ತದೆ, ಎಡಬದಿಯ ನೋಟ ಬಲಕ್ಕೆ. ತಲೆಕೆಳಗೆ ಅನ್ನಿಸುವ ಇದು ಐದಾರು ವಸ್ತು ಬರೆದ ಮೇಲೆ ಕೈಗೆ ಕೂರುತ್ತದೆ.

ಕೋಡಿಂಗ್‌ಗೆ ಸಿ ಭಾಷೆಯಿಂದ ಶುರು ಮಾಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಪುಕ್ಕಟೆ, ಎಷ್ಟೋ ಪಾಠಕ್ಕೆ ಕನ್ನಡ ಧ್ವನಿಯೂ ಇದೆ. ಟವರ್ ಸಿಗುವ ಕಡೆ ಹೋಗಿ ಡೌನ್‌ಲೋಡ್ ಮಾಡಿಕೊಂಡು ಮನೆಯಲ್ಲಿ ನೋಡಬಹುದು. ಮೊದಲ ವಾರದಲ್ಲೇ ಫ್ಯಾರನ್‌ಹೀಟನ್ನು ಸೆಲ್ಸಿಯಸ್ ಮಾಡುವ ಪ್ರೋಗ್ರಾಂ ಬರೆಯಿಸಿ. 5/9 * (F - 32) ಎಂದು ಬರೆದವರಿಗೆ ಯಾವ ಉಷ್ಣತೆ ಕೊಟ್ಟರೂ ಉತ್ತರ ಸೊನ್ನೆಯೇ ಬರುತ್ತದೆ. ಎರಡು ಪೂರ್ಣಾಂಕ ಭಾಗಿಸಿದರೆ ಸಿ ದಶಾಂಶವನ್ನು ಬಿಸಾಡುತ್ತದೆ, 5/9 ಅದಕ್ಕೆ 0. 5.0/9 ಎಂದು ತಿದ್ದಿದ ಕೂಡಲೇ ಸರಿಹೋಗುತ್ತದೆ. ಈ ತಪ್ಪನ್ನು ಅರ್ಧ ದಿನ ತಾವೇ ಹುಡುಕಿದವರು ಮತ್ತೆ ಮರೆಯುವುದಿಲ್ಲ. ಐಐಟಿಗಳ ಆನ್‌ಲೈನ್ ಪಾಠಮಾಲೆ ಎನ್‌ಪಿಟಿಇಎಲ್ ಸೇರಿ ಸರ್ಟಿಫಿಕೇಟ್ ಮಾಡಿಕೊಳ್ಳಲಿ ಎನ್ನುವವರಿದ್ದಾರೆ. ಅದರ ಸೆಮಿಸ್ಟರ್ ಜುಲೈ ಕೊನೆಗೆ ಶುರುವಾಗಿ 12 ವಾರದವರೆಗೂ ಓಡುತ್ತದೆ, ಬೇಸಿಗೆಗೆ ಹೊಂದುವುದಿಲ್ಲ. ಹಳೆಯ ವಿಡಿಯೊ ನೋಡಲು ಅಡ್ಡಿಯಿಲ್ಲ. ಸರ್ಟಿಫಿಕೇಟಿನ ಆಸೆಯ ಬಗ್ಗೆ ಇನ್ನೊಂದು ಮಾತು: ವಿಟಿಯು ಪದವಿಗೆ ಬೇಕಾದ, ಪಾಠದಾಚೆಯ ಚಟುವಟಿಕೆಗೆ ಕೊಡುವ 100 ಆಕ್ಟಿವಿಟಿ ಪಾಯಿಂಟ್ ಕಾಲೇಜು ಸೇರಿದ ಮೇಲೆ ಗಳಿಸಬೇಕಾದದ್ದು. 'ನಮ್ಮ ಶಿಬಿರದಿಂದ ಪಾಯಿಂಟ್ ಸಿಗುತ್ತದೆ' ಎಂದರೆ ನಂಬಬೇಡಿ.

ಹಾಗಾದರೆ ಯಾರೂ ಸೇರಬಾರದೇ? ಸೇರಬೇಕಾದವರು ಇದ್ದಾರೆ. ಪಿಯುಸಿಯಲ್ಲಿ ಪಿಸಿಎಂಬಿ (ಕಂಪ್ಯೂಟರ್ ಬದಲು ಜೀವಶಾಸ್ತ್ರ) ಓದಿ ಕಂಪ್ಯೂಟರ್ ಮುಟ್ಟದವರು, ಮನೆಯಲ್ಲಿ ಲ್ಯಾಪ್‌ಟಾಪಿಲ್ಲದೆ, ಹೇಳಿಕೊಡುವವರೂ ಇಲ್ಲದೆ ಕಂಪ್ಯೂಟರ್ ಸೈನ್ಸ್‌ಗೆ ಹೋಗುವವರು, ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷ್ ಪಾಠವನ್ನು ಬಾಯಿಪಾಠದಲ್ಲೇ ದಾಟಿಸಿದವರು. ಹಾಸ್ಟೆಲಿನಲ್ಲಿ ಒಂದು ದಿನವೂ ಇದ್ದಿಲ್ಲದ ಮಗು ಬೆಂಗಳೂರಿನ ಕಾಲೇಜಿಗೇ ಹೋಗುವುದಾದರೆ, ಆ ಒಂದು ತಿಂಗಳ ಅಭ್ಯಾಸಕ್ಕೂ ಬೆಲೆ ಇದೆ. ಬಟ್ಟೆ ಒಗೆದುಕೊಳ್ಳುವುದರಿಂದ ಹಿಡಿದು ಬಿಎಂಟಿಸಿ ಹತ್ತುವವರೆಗೆ. ಅದನ್ನು ಎಂಜಿನಿಯರಿಂಗ್ ಎಂದು ಕರೆಯುವುದು ಬೇಡ ಅಷ್ಟೇ. ಯಾವ ಬ್ರಾಂಚ್ ಎಂದೇ ಗೊತ್ತಿಲ್ಲದವರು ಶಿಬಿರಕ್ಕೆ ಹೋಗಿ ತಿಳಿಯುತ್ತೇವೆ ಎನ್ನುತ್ತಾರೆ. ಅದಕ್ಕೆ ಮೂವತ್ತು ದಿನ ಬೇಡ. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೋ ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೋ ಮೊದಲೇ ಕೇಳಿಕೊಂಡು ಒಂದು ದಿನ ಹೋಗಿ, ವರ್ಕ್‌ಶಾಪ್ ನೋಡಿ, ಕೊನೆಯ ವರ್ಷದ ಅಕ್ಕ-ಅಣ್ಣಂದಿರ ಹತ್ತಿರ ಪ್ರಾಜೆಕ್ಟ್ ಏನೆಂದು ಕೇಳಿ. ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ.

ಮನೆಯಿಂದಲೇ ಆನ್‌ಲೈನ್ ಶಿಬಿರ ಎಂದರೆ ನಮ್ಮ ಜಿಲ್ಲೆಗೆ ಒಂದೇ ಪ್ರಶ್ನೆ: ಲೈವೋ, ರೆಕಾರ್ಡಾದದ್ದೋ? ಜೂನ್ ಎರಡನೇ ವಾರದ ನಂತರ ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆ ಮರ ಬಿದ್ದು ಕಂಬ ಮುರಿದರೆ ಕರೆಂಟು ದಿನಗಟ್ಟಲೆ ಬರುವುದಿಲ್ಲ, ಬ್ಯಾಟರಿ ಮುಗಿದ ಮೇಲೆ ಟವರೂ ಸತ್ತುಹೋಗುತ್ತದೆ. ಲೈವ್ ಕ್ಲಾಸಿನಲ್ಲಿ ನಾಲ್ಕು ದಿನ ತಪ್ಪಿದರೆ ಐದನೇ ದಿನ ತಲೆಬುಡ ತಿಳಿಯುವುದಿಲ್ಲ. ಪೂರ್ತಿ ರೆಕಾರ್ಡಿಂಗ್ ಕನಿಷ್ಠ ಮೂರು ತಿಂಗಳು ಸಿಗುತ್ತದೆ ಎಂದು ಬರೆದುಕೊಟ್ಟರೆ ಮಾತ್ರ ಮುಂದಿನ ಮಾತು. ಮಂಗಳೂರು ಕಡೆಯ ಶಿಬಿರವಾದರೆ ಸಂಪಾಜೆ ಘಾಟಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿಹೋಗಿತ್ತು. ಮಳೆಗಾಲಕ್ಕಿಂತ ಮುಂಚಿನ ಬ್ಯಾಚೇ ವಾಸಿ.

ಎಲ್ಲ ತೂಗಿ ಹೋಗುವುದೆಂದು ಆದರೆ, ಫೀಸನ್ನು ಎರಡು ಕಂತಿನಲ್ಲಿ ಕಟ್ಟಲು ಕೇಳಿ, ಎರಡನೆಯದು ಹದಿನೈದನೇ ದಿನಕ್ಕೆ. ಮೊದಲ ವಾರದ ಕೊನೆಗೆ ಮಗುವಿಗೆ ಫೋನ್ ಮಾಡಿದಾಗ "ಊಟ ಹೇಗಿದೆ" ಎಂದ ಮೇಲೆ "ಈ ವಾರ ನಿನ್ನ ಕೈಯಾರೆ ಏನು ಮಾಡಿದೆ" ಎಂದೂ ಕೇಳಿ. "ಸರ್ ತೋರಿಸಿದರು" ಎಂಬ ಉತ್ತರ ಎರಡನೇ ವಾರವೂ ಬಂದರೆ ಎರಡನೇ ಕಂತಿನ ಮಾತು ಆಗಲೇ ಆಡಬೇಕು. ಪ್ರಾಧಿಕಾರದಲ್ಲಿ ನೋಂದಾಯಿಸಿದ ಸಿಮ್ ಮನೆಯಲ್ಲೇ ಅಮ್ಮನ ಮೊಬೈಲಿನಲ್ಲಿರಲಿ, ಸಿಇಟಿ ನಂಬರು ಮತ್ತು ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದಿಟ್ಟಿರಲಿ. ಮಗುವಿನ ಬ್ಯಾಗಿನಲ್ಲಿ ಅಂಕಪಟ್ಟಿಯ ಜೆರಾಕ್ಸು, ಆಧಾರ್ ಪ್ರತಿ, ಮಲ್ಟಿಮೀಟರು, ಆ ಪಂಪಿನ ಲೆಕ್ಕ ಬರೆದ ನೋಟ್‌ಬುಕ್ಕು.